ಗಣಕಯಂತ್ರಕ್ಕೆ ರಾಹುಕಾಲ

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಇನ್ನಷ್ಟು ಸರಿಪಡಿಸಬೇಕೆಂಬ ಉತ್ಸಾಹ ಮನುಷ್ಯನಿಗೆ ಯಾವ ಯುಗದಲ್ಲಿ ಅಂಟಿಕೊಂಡಿತೋ ಪುರಾಣಗಳು ಹೇಳುವುದಿಲ್ಲ. ಆದರೆ ಅಮೆರಿಕೆಯ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಲ್ಲಿ ಅದು ಶುಕ್ರವಾರ ರಾತ್ರಿ, ಮರುದಿನ ಕಚೇರಿಯಿಲ್ಲವೆಂಬ ಧೈರ್ಯದ ಮೇಲೆ ಉಲ್ಬಣಿಸುವುದೆಂಬುದನ್ನು ನಾನು ಬಲ್ಲೆ. ಗಣಕಯಂತ್ರದ ಒಡಲಿನಲ್ಲಿ, ಮದರ್‌ಬೋರ್ಡಿನ ಒಂದು ಮೂಲೆಯಲ್ಲಿ, ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಒಂದು ಚಿಪ್ಪುಂಟು. ವಿದ್ಯುತ್ತು ಹರಿದೊಡನೆ ಎಲ್ಲರಿಗಿಂತ ಮೊದಲು ಎಚ್ಚರಗೊಂಡು, ಪ್ರೊಸೆಸರು ನೆಟ್ಟಗಿದೆಯೇ, ಮೆಮೊರಿ ಎಷ್ಟಿದೆ, ಡಿಸ್ಕು ಎಲ್ಲಿದೆ ಎಂದು ಕ್ಷೇಮಸಮಾಚಾರ ವಿಚಾರಿಸಿ, ಅನಂತರವಷ್ಟೇ ಮುಂದಿನ ವ್ಯವಹಾರಕ್ಕೆ ಅಪ್ಪಣೆ ಕೊಡುವ ತಂತ್ರಾಂಶ ಅದರಲ್ಲಿ ವಾಸವಾಗಿರುತ್ತದೆ. ಅದಕ್ಕೆ ಬಯಾಸ್ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ವ್ಯವಸ್ಥೆಯಿಂದ. ಈಗ ಆ ಪೀಠದ ಮೇಲೆ ಯುಇಎಫ್‌ಐ ಕುಳಿತಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಮೊದಮೊದಲು ಇದನ್ನು ಬದಲಾಯಿಸಬೇಕಾದರೆ ಚಿಪ್ಪನ್ನೇ ಕಿತ್ತು ಬೇರೊಂದನ್ನು ಕೂರಿಸಬೇಕಾಗಿತ್ತು. ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಚಿಪ್ಪು ಬಂದ ಮೇಲೆ ಮಾನವನ ಚಾಪಲ್ಯಕ್ಕೆ ಸದವಕಾಶ ದೊರೆಯಿತು, ವೈರಸ್ಸುಗಳಿಗೂ ದೊರೆಯಿತು. 1998ರಲ್ಲಿ ಕಾಣಿಸಿಕೊಂಡ ಸಿಐಎಚ್ ಎಂಬ ವೈರಸ್ಸು ಈ ಚಿಪ್ಪಿನ ಮೇಲೆಯೇ ಅಸಂಬದ್ಧವನ್ನು ಗೀಚಿ ಎಷ್ಟೋ ಯಂತ್ರಗಳನ್ನು ಮೂಕವಾಗಿಸಿತು. ನಮ್ಮ ಮನೆಯಲ್ಲಿ ಅದರ ಅವಶ್ಯಕತೆ ಬೀಳಲಿಲ್ಲ. ಕಾಲೇಜಿನಿಂದ ರಜೆಗೆ ಬಂದಿದ್ದ ಚಿರಂಜೀವಿ ಇದ್ದನು.

ಯಂತ್ರದ ತಯಾರಕರು ‘ಸ್ಥಿರತೆಯನ್ನು ಹೆಚ್ಚಿಸಲಾಗಿದೆ’ ಎಂಬ ಒಂದೇ ವಾಕ್ಯದ ಶಿಫಾರಸಿನೊಡನೆ ಹೊಸ ಬಯಾಸನ್ನು ಹೊರತಂದಿದ್ದರು. ಆ ಶುಕ್ರವಾರದ ನಡುರಾತ್ರಿ ಮಗನು ಅದನ್ನು ಪೆನ್‌ಡ್ರೈವಿನಲ್ಲಿ ತುಂಬಿ ಯಂತ್ರಕ್ಕೆ ಕುಡಿಸಿದನು. ಯಂತ್ರವು ಶೇಕಡಾ ನೂರರವರೆಗೆ ವಿಧೇಯವಾಗಿ ಎಣಿಸಿ, ತಾನಾಗಿಯೇ ಆರಿ, ತಾನಾಗಿಯೇ ಹೊತ್ತಿಕೊಂಡು, ಅನಂತರ ಅಚಲವಾದ ಸ್ಥಿರತೆಯನ್ನು ಪಡೆಯಿತು: ಫ್ಯಾನುಗಳು ತಿರುಗುತ್ತಿವೆ, ಪರದೆ ಕಪ್ಪಾಗಿದೆ, ಒಳಗೆ ಮೆಮೊರಿಯ ಪಕ್ಕದಲ್ಲಿ ಹಳದಿಯ ಕಿರುದೀಪವೊಂದು ಉರಿಯುತ್ತಿದೆ. ಕನ್ನಡ ಕೂಟದ ಸ್ಮರಣಸಂಚಿಕೆಯ ಪುಟಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು.

ಬೆಳಗಾಗುವ ಹೊತ್ತಿಗೆ ಮನೆಯವರೆಲ್ಲರೂ ವೈದ್ಯರಾಗಿದ್ದರು. ನನ್ನ ಮಡದಿ, “ರೀ, ಓಕ್ ಟ್ರೀ ರೋಡಿನ ಅಂಗಡಿಗೆ ಕೊಟ್ಟುಬಿಡಿ” ಎಂದಳು. ಅಂಗಡಿಯವನು ನೋಡಿದ್ದಕ್ಕೇ ಒಂದು ದರ, ಮುಟ್ಟಿದ್ದಕ್ಕೆ ಇನ್ನೊಂದು ದರವೆಂದು ತಿಳಿಸಿದ್ದರಿಂದ ಆ ಪ್ರಸ್ತಾಪ ಬಿದ್ದುಹೋಯಿತು. ಮಗನು ಪಕ್ಕದ ತಗಡನ್ನು ಬಿಚ್ಚಿ, ಮೆಮೊರಿಯ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ಹಾಕಿ, ಹಳೆಯ ನಾಣ್ಯವನ್ನು ಹೋಲುವ ಸಿಆರ್ 2032 ಎಂಬ ಮೂರು ವೋಲ್ಟಿನ ಬ್ಯಾಟರಿಯನ್ನು ಕಿತ್ತು, ಯಂತ್ರವು ತನ್ನ ಪೂರ್ವಾಶ್ರಮದ ನೆನಪುಗಳನ್ನೆಲ್ಲ ತೊರೆಯಲೆಂದು ಐದು ನಿಮಿಷ ಕಾದು, ಮತ್ತೆ ಕೂರಿಸಿದನು. ಪ್ರತಿಯೊಂದು ಚಿಕಿತ್ಸೆಯ ಅನಂತರವೂ ಗುಂಡಿಯನ್ನೊತ್ತುವುದು, ಪರದೆಯನ್ನು ದಿಟ್ಟಿಸುವುದು, ಒಂದು ನಿಮಿಷದೊಳಗೆ ತಾಳ್ಮೆಗೆಟ್ಟು ಮತ್ತೆ ಆರಿಸುವುದು. ಹೀಗೆ ನಡೆಯುತ್ತಿರಲು ನಮ್ಮ ಅತ್ತೆಯವರು ಕಾಫಿಯ ಲೋಟವನ್ನು ಕೆಳಗಿಟ್ಟು ರಂಗಪ್ರವೇಶ ಮಾಡಿದರು.

ಅವರು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಒಂಟಿಕೊಪ್ಪಲ್ ಪಂಚಾಂಗವಿಲ್ಲದೆ ವಿಮಾನವನ್ನೇರುವವರಲ್ಲ. “ಈವತ್ತು ಶನಿವಾರ. ರಾಹುಕಾಲ ಕಳೆಯೋವರೆಗೂ ಯಾರೂ ಅದನ್ನ ಮುಟ್ಟಕೂಡದು. ಹೇಗಿದೆಯೋ ಹಾಗೇ ಇರಲಿ” ಎಂದರು. ಮಗನು ಅಮೆರಿಕೆಯಲ್ಲಿಯೇ ಹುಟ್ಟಿ ಬೆಳೆದವನು, ತರ್ಕದಲ್ಲಿ ಆಸಕ್ತಿಯುಳ್ಳವನು. “ಅಜ್ಜಿ, ಒಂಬತ್ತರಿಂದ ಹತ್ತೂವರೆ ಅಂತ ಬರೆದಿರೋದು ಮೈಸೂರಿನ ಟೈಮಿಗೆ. ಅದು ಇಲ್ಲಿ ನಿನ್ನೆ ರಾತ್ರಿ ಹನ್ನೊಂದೂವರೆಗೆ ಶುರುವಾಗಿ ಒಂದು ಗಂಟೆಗೆ ಮುಗಿದುಹೋಯ್ತು” ಎಂದು ವಾದಿಸಿದನು. ಅಂದರೆ ಅವನು ಬಯಾಸಿಗೆ ಕೈಹಾಕಿದ್ದು ಮೈಸೂರಿನ ರಾಹುಕಾಲದ ನಟ್ಟನಡುವೆ ಎಂಬುದು ಅವನ ಬಾಯಿಂದಲೇ ಸಿದ್ಧವಾಯಿತು. ಅತ್ತೆಯವರು ಅಷ್ಟಕ್ಕೇ ಬಿಡದೆ, ರಾಹುಕಾಲವೆಂದರೆ ಹಗಲಿನ ಎಂಟನೆಯ ಒಂದು ಭಾಗ, ಶನಿವಾರ ಮೂರನೆಯ ಭಾಗ, ಹಗಲು ಎಲ್ಲಿಯದೋ ರಾಹುವೂ ಅಲ್ಲಿಯವನೇ ಎಂದು ಶಾಸ್ತ್ರವನ್ನು ಬಿಡಿಸಿ ಹೇಳಿ, ಲೆಕ್ಕವನ್ನು ಅಲ್ಲಿಯೇ ಮಾಡಿದರು: ಜೂನ್ ತಿಂಗಳಾದುದರಿಂದ ಸೂರ್ಯೋದಯ ಐದೂವರೆಗೆ, ಅಸ್ತಮಾನ ರಾತ್ರಿ ಎಂಟೂವರೆಗೆ, ಹಗಲು ಹದಿನೈದು ಗಂಟೆ, ಅದರ ಎಂಟನೆಯ ಒಂದು ಭಾಗ ನೂರ ಹನ್ನೆರಡೂವರೆ ನಿಮಿಷ, ಆದ್ದರಿಂದ ಒಂಬತ್ತೂಕಾಲಿನಿಂದ ಹನ್ನೊಂದು ಗಂಟೆ ಏಳು ನಿಮಿಷದವರೆಗೆ ನಿಷೇಧ. ಉತ್ತರ ಅಕ್ಷಾಂಶಕ್ಕೆ ವಲಸೆ ಬಂದವರಿಗೆ ಬೇಸಗೆಯ ರಾಹುವೂ ದೀರ್ಘನೆಂಬ ಈ ಸಂಗತಿಯನ್ನು ವೀಸಾ ಕೊಡುವಾಗ ಯಾರೂ ತಿಳಿಸುವುದಿಲ್ಲ.

ಯಂತ್ರವನ್ನು ಉರಿಯುತ್ತಿದ್ದಂತೆಯೇ ಬಿಟ್ಟು ನಾವು ಉಪ್ಪಿಟ್ಟಿಗೆ ಕುಳಿತೆವು. ಉಪ್ಪಿಟ್ಟು ಮುಗಿಯುವ ಮೊದಲೇ ಪರದೆ ಬೆಳಗಿತು.

ಮಗನು ಕೂಡಲೇ ಫೋನಿನಲ್ಲಿ ಹುಡುಕಿ ಕಾರಣವನ್ನು ಸಾರಿದನು. ಹೊಸ ಬಯಾಸು ಬಂದಾಗ ಡಿಡಿಆರ್5 ಮೆಮೊರಿಯ ಹಳೆಯ ಲೆಕ್ಕಗಳು ಅಳಿದುಹೋಗುತ್ತವೆ. ಸಂಕೇತಗಳು ಎಷ್ಟು ವೇಗದಲ್ಲಿ, ಎಷ್ಟು ವಿಳಂಬದಲ್ಲಿ ಬಂದರೆ ತಪ್ಪಿಲ್ಲದೆ ಗ್ರಹಿಸಬಹುದೆಂಬುದನ್ನು ಯಂತ್ರವು ಮೊದಲಿನಿಂದ ಪರೀಕ್ಷಿಸಿ ನೋಡುತ್ತದೆ. ಕಛೇರಿಗೆ ಮುನ್ನ ತಂಬೂರಿಯ ಶ್ರುತಿ ಕೂಡಿಸುವಂತೆ ನಡೆಯುವ ಈ ಕಾರ್ಯಕ್ಕೆ ಹಲವು ನಿಮಿಷ, ಮೆಮೊರಿ ಹೆಚ್ಚಿದ್ದರೆ ಹತ್ತು ಹದಿನೈದು ನಿಮಿಷವೂ ಹಿಡಿಯಬಹುದು. ಅದುವರೆಗೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಬ್ಯಾಟರಿ ಕಿತ್ತಾಗಲೆಲ್ಲ ಆ ಕೆಲಸ ಮತ್ತೆ ಮೊದಲಿನಿಂದ. “ಸುಮ್ಮನೆ ಬಿಟ್ಟಿದ್ದಕ್ಕೆ ಸರಿಹೋಯ್ತು ಅಂತ ತಾನೆ ನೀನೂ ಹೇಳೋದು?” ಎಂದರು ಅತ್ತೆಯವರು.

ಬೆಳಗಿದ ಪರದೆಯ ಮೇಲೆ ಬಂದಿದ್ದುದು ನಮ್ಮ ಪುಟಗಳಲ್ಲ, ಡಿಸ್ಕಿಗೆ ಬೀಗ ಹಾಕಿ ಕಾಯುವ ಬಿಟ್‌ಲಾಕರಿನ ನೀಲಿಯ ಫಲಕ. ಬಯಾಸು ಬದಲಾದುದರಿಂದ ಯಂತ್ರವು ಪರಕೀಯರ ಕೈಸೇರಿರಬಹುದೆಂದು ಶಂಕಿಸಿ, ಅದು ನಲವತ್ತೆಂಟು ಅಂಕಿಗಳ ಗುಪ್ತಸಂಖ್ಯೆಯನ್ನು ಕೇಳುತ್ತಿತ್ತು. ಹಿಂದಿನ ವರ್ಷ ನಮ್ಮಲ್ಲಿಗೆ ಬಂದಿದ್ದ ನನ್ನ ಭಾವಮೈದುನನು ಔದಾರ್ಯದಿಂದ ಯಂತ್ರವನ್ನು ಸಿದ್ಧಪಡಿಸಿಕೊಟ್ಟಾಗ ತನ್ನದೇ ಖಾತೆಯನ್ನು ಅದರಲ್ಲಿ ಸ್ಥಾಪಿಸಿ ಹೋಗಿದ್ದುದರಿಂದ, ಆ ಸಂಖ್ಯೆ ಬೆಂಗಳೂರಿನಲ್ಲಿ ಅವನ ವಶದಲ್ಲಿತ್ತು. ಆದರೆ ರಾಹುಕಾಲ ಮುಗಿದಿರಲಿಲ್ಲ. ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಫೋನು ಮಾಡಿದಾಗ ಅಲ್ಲಿ ರಾತ್ರಿ ಎಂಟೂವರೆ ಕಳೆದಿತ್ತು, ಅವನು ಯಾರದೋ ಆರತಕ್ಷತೆಯಲ್ಲಿದ್ದನು, ಹಿನ್ನೆಲೆಯಲ್ಲಿ ವಾಲಗದವರು ತಾರಸ್ಥಾಯಿಯಲ್ಲಿದ್ದರು.

“ಭಾವ, ಬೇಗ ಬರ್ಕೊಳ್ಳಿ, ಪಂಕ್ತಿ ಕೂತ್ಕೊಳ್ತಿದೆ” ಎಂದು ಅವನು ಕಿರುಚತೊಡಗಿದನು. ಡೋಲಿನ ಪೆಟ್ಟಿಗೆ ‘ಮೂರು’ ಯಾವುದು, ‘ಆರು’ ಯಾವುದು ತಿಳಿಯದು. ಅಷ್ಟರಲ್ಲಿ ಮಗನು ಒಂದು ಗುಟ್ಟನ್ನು ಓದಿ ಹೇಳಿದನು: ಆ ನಲವತ್ತೆಂಟು ಅಂಕಿಗಳು ಆರಾರರ ಎಂಟು ಗುಂಪುಗಳಾಗಿರುತ್ತವೆ, ಪ್ರತಿಯೊಂದು ಗುಂಪೂ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಅತ್ತೆಯವರ ಮುಖದಲ್ಲಿ ನಿವೃತ್ತಿಯ ಎಲ್ಲ ವರ್ಷಗಳೂ ಮಾಯವಾದುವು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಳ್ಳುತ್ತ, ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ, ಉಳಿದವನ್ನು ಕೂಡಿ, ವ್ಯತ್ಯಾಸವನ್ನು ಬಾಯಲ್ಲಿಯೇ ತೆಗೆದು, “ಇದು ಹನ್ನೊಂದಕ್ಕೆ ಹೋಗೋದಿಲ್ಲ, ಸರಿಯಾಗಿ ಹೇಳೋ” ಎಂದು ನಲವತ್ತು ದಾಟಿದ ಮಗನನ್ನು ಮಂಟಪದ ಬಾಗಿಲಲ್ಲಿ ನಿಲ್ಲಿಸಿ ಗದರಿದರು. ಎಂಟನೆಯ ಗುಂಪು ಅವರಿಗೆ ಒಪ್ಪಿಗೆಯಾಗುವ ಹೊತ್ತಿಗೆ ಆ ಪಂಕ್ತಿಯಲ್ಲಿ ಮಜ್ಜಿಗೆ ಬಡಿಸಿ ಆಗಿತ್ತಂತೆ.