ಕಾರ್ಡು ತೆಳ್ಳಗೆ, ಮೇಜು ದಪ್ಪ

ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಇದು ನನಗೆ ಗೊತ್ತಾದ ದಿನದಿಂದ ಮನೆಯಲ್ಲಿ ಉಳಿದವರಿಗೆ ನೆಮ್ಮದಿಯಿಲ್ಲ. ಜೇಬಿನಲ್ಲಿಟ್ಟರೆ ಇದೆಯೋ ಇಲ್ಲವೋ ಗೊತ್ತಾಗಬಾರದು, ಅಂಥ ಕಾರ್ಡಿನಾಕಾರದ ಗಡಿಯಾರವೊಂದನ್ನು ಮಂಡ್ಯದ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನೇ ಮಾಡಲು ಹೊರಟೆ. ಗೋಡೆಯಲ್ಲೊಂದು ಗಡಿಯಾರ, ಕೈಕೈಗೂ ಮೊಬೈಲ್ ಇರುವ ಮನೆಗೆ ಇನ್ನೊಂದು ಯಾಕೆ? ಹವ್ಯಾಸಕ್ಕೆ ಕಾರಣ ಕೇಳಬಾರದು.

ತೆಳ್ಳಗಾಗಲು ಬಿಡದ ಶತ್ರು ಬ್ಯಾಟರಿ. ಸಿಆರ್2016 ಎಂಬ ಬಿಲ್ಲೆಯ ಹೆಸರಲ್ಲೇ ಅದರ ಜಾತಕವಿದೆ: 20 ಮಿ.ಮೀ. ಅಗಲ, 1.6 ಮಿ.ಮೀ. ದಪ್ಪ. ಅದೊಂದೇ ಎರಡು ಎಟಿಎಂ ಕಾರ್ಡಿಗಿಂತ ದಪ್ಪ! ಹಾಗಾಗಿ 0.6 ಮಿ.ಮೀ. ಬೋರ್ಡು ತರಿಸಿ, ಅದರ ಹೊಟ್ಟೆ ಕೊರೆದು, ಬಿಲ್ಲೆಯನ್ನು ತೂತಿನೊಳಗೇ ಕೂರಿಸಿದೆ. ಪರದೆಗೆ ಇ-ಪೇಪರ್. ಬರೆದದ್ದನ್ನು ಕರೆಂಟಿಲ್ಲದೆಯೂ ಹಿಡಿದಿಟ್ಟುಕೊಳ್ಳುತ್ತದೆ, ಅಂಕಿ ಬದಲಾಗುವಾಗ ಮಾತ್ರ ಬ್ಯಾಟರಿ ಕೇಳುತ್ತದೆ.

ಇಷ್ಟಕ್ಕೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಭೂತಕನ್ನಡಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಂದ ಪೊಟ್ಟಣಗಳು ಮೇಜೇರಿದವು. ಕಾರ್ಡು ಕೂದಲೆಳೆಯಷ್ಟು ತೆಳ್ಳಗಾದರೆ ಮೇಜು ಗೇಣುದ್ದ ದಪ್ಪವಾಗುತ್ತಿತ್ತು. ಮನೆಮಂದಿ ನೆಲದ ಮೇಲೆ ಕೂತು ಉಣ್ಣತೊಡಗಿದರು. ಅವ್ವನಿಗೆ ಮಾತ್ರ ಖುಷಿ: "ಈಗ ಮುದ್ದೆ ಸರ್ಯಾಗಿ ಇಳೀತದೆ ಕಣ್ಲಾ."

ವರ್ನಿಯರ್ ಕ್ಯಾಲಿಪರ್ ಕೈಗೆ ಬಂದವನು ಅಳೆಯದೆ ಇರಲಾರ. ಮದ್ದೂರಿನಿಂದ ತಂದ ವಡೆಯನ್ನೂ ಬಾಯಿಗೆ ಹಿಡಿದೆ, ಕ್ಯಾಲಿಪರಿನ ಬಾಯಿಗೆ. ಹೆಂಡತಿ ವಡೆಯನ್ನು ಕಿತ್ತುಕೊಂಡು ತಾನೇ ತಿಂದಳು.

ಬ್ಯಾಟರಿ ಉಳಿಸಲು ಗಂಟೆಗೊಮ್ಮೆ ಮಾತ್ರ ಅಂಕಿ ಬದಲಾಗುವಂತೆ ಮಾಡಿದ್ದೆ.

"ಹಂಗಾದ್ರೆ ಒಂದು ಐವತ್ತೊಂಬತ್ತಕ್ಕೂ ಒಂದೇ ತೋರ್ಸುತ್ತಾ?"

"ಬೀಗರೂಟಕ್ಕೆ ಹೋಗೋಕೆ ಅಷ್ಟು ಸಾಕು ಕಣೇ."

"ಅಷ್ಟೊತ್ತಿಗೆ ಹೋದ್ರೆ ಪೀಸ್ ಇರಲ್ಲ ಕಣ್ರೀ, ಬರೀ ಸಾರು."

ಮಳವಳ್ಳಿಯ ಮಾವನವರ ಮುಂದೆ ಕಾರ್ಡು ಬಿಚ್ಚಿದಾಗ ಸಂಜೆ ಆರು. ಅದರ ಪ್ರಕಾರ ನಾಲ್ಕು. ಮಾವ ಕನ್ನಡಕ ಏರಿಸಿದರು. "ಅಳಿಯಂದ್ರೇ, ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ನಿಮ್ಮ ಬ್ಯಾಟರಿಯಿಂದ ಅಕ್ಷರದ ತನಕ ಬರೋಕೆ ಇಷ್ಟೊತ್ತಾ?" ಅವರದು ಸುಮಾರು 147 ಕಿಲೋಮೀಟರ್ ತಂತಿಯ ಮಾತು, ನನ್ನದು ಎರಡು ಬೆರಳಗಲ. ಉತ್ತರ ಹೊಳೆಯದೆ ಕಾಫಿ ಕುಡಿದೆ.

ಅಂತೂ ಕಾರ್ಡು ಹದಕ್ಕೆ ಬಂತು, ಶರ್ಟಿನ ಜೇಬು ಸೇರಿತು. ಒಗೆಯುವ ಮುನ್ನ ಹೆಂಡತಿ ಜೇಬು ತಡಕುವುದು ರೂಢಿ. ಚಿಲ್ಲರೆ ಸಿಕ್ಕಿತು, ಬಸ್ ಟಿಕೆಟ್ ಸಿಕ್ಕಿತು, ಕಾರ್ಡು ಸಿಗಲಿಲ್ಲ. ವಾಷಿಂಗ್ ಮೆಷಿನ್ನಿನಿಂದ ಅದು ಶುಭ್ರವಾಗಿ ಹೊರಬಂದಾಗ ನನ್ನ ಎದೆಯುಬ್ಬಿತು. ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲವಲ್ಲ!

"ಮುಂದಿನ್ಸಲ ಒಗೆಯೋರ ಕೈಗೆ ಸಿಗೋವಷ್ಟಾದ್ರೂ ದಪ್ಪ ಮಾಡ್ರೀ" ಎಂದಳು.

ಒಳ್ಳೆಯ ಸಲಹೆಯೇ. ಸಿಆರ್2032 ಆದರೆ 3.2 ಮಿ.ಮೀ. ದಪ್ಪ, ಬಾಳಿಕೆಯೂ ಹೆಚ್ಚು, ನಿಮಿಷವನ್ನೂ ತೋರಿಸಬಹುದು. ಸಾಮಾನಿಗೆ ಹೇಳಿ ಕಳಿಸಿದ್ದೇನೆ. ಮೇಜಿನ ಉಳಿದ ಮೂಲೆಯೊಂದು ಬೇಕಿತ್ತು. ಅಲ್ಲಿ ಅವ್ವನ ಎಲೆಯಡಿಕೆ ತಟ್ಟೆಯಿದೆ, ಮಾತುಕತೆ ನಡೆಯುತ್ತಿದೆ.