ಮೇವಿನ ಪಾಠ

ದುದ್ದದಂಥ ಊರುಗಳಲ್ಲಿ ಮೇವಿನ ತರಬೇತಿ ಏರ್ಪಡಿಸುವವರ ಪ್ರಕಾರ, ರೈತನಲ್ಲಿ ಕಮ್ಮಿಯಿರುವುದು ತಿಳಿವಳಿಕೆಯೊಂದೇ. ಪಾಠ ಹೇಳಲು ಬಂದ ಸಾಹೇಬರ ಮಾತೇನೂ ಸುಳ್ಳಲ್ಲ: "ನೇಪಿಯರ್ ಹುಲ್ಲು ಮೊದಲ ಕಟಾವು 75 ದಿನಕ್ಕೆ, ಆಮೇಲೆ 45 ದಿನಕ್ಕೊಂದು." ರೈತ ನಿಂಗಣ್ಣ ಕೇಳಿದ, "ಕರೆಂಟಿನ ಕಟಾವು ದಿನಾ ಐತಲ್ಲ ಸ್ವಾಮಿ?" "ಹನಿ ನೀರಾವರಿ ಮಾಡಿ." "ಬೋರು ಅದನ್ನೇ ಮಾಡ್ತಾ ಐತೆ, ಬರೀ ಹನಿ."

ಹಾಗಾದರೆ ಪಾಠವೇ ಬೇಡವೆ? ಬೇಕು. ಬರೀ ನೇಪಿಯರ್ ತಿಂದ ಹಸುವಿಗೆ ಸಸಾರಜನಕ ಸಾಲದು. ಅಲಸಂದೆ, ಕುದುರೆಮಸಾಲೆ ಬೆರೆಸಬೇಕೆಂಬುದು ಹೇಳಿಕೊಡಬೇಕಾದ್ದೇ. ಆದರೆ ಆಲೂಗಡ್ಡೆ ಬೆಳೆಯುತ್ತಿದ್ದ ತುಂಡುಭೂಮಿಯಲ್ಲಿ ಹುಲ್ಲು ಹಾಕಿದವನ ಮನೆಖರ್ಚಿನ ಲೆಕ್ಕ ಯಾವ ಕರಪತ್ರದಲ್ಲಿದೆ?

ಕೊನೆಗೆ ಸಾಹೇಬರು ನಿಂಗಣ್ಣನನ್ನು ಕೇಳಿದರು, "ಮೊದಲು ಎಲ್ಲಿ ಮೇಯಿಸ್ತಿದ್ರಿ?"

"ಗೋಮಾಳದಲ್ಲಿ."

"ಅದೀಗ ಎಲ್ಲಿ?"

"ನೀವು ನಿಂತಿರೋ ಸಭಾಭವನದ ಕೆಳಗೆ ಸ್ವಾಮಿ."