ಬ್ಯಾಗ್ ಮೇಷ್ಟ್ರು

ಹಿರಿಯೂರಿನಲ್ಲಿ ಜೋರು ಮಳೆ ಬಂದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಾರೆ. ಬ್ಯಾಗ್ ಮೇಷ್ಟ್ರು ಮಾತ್ರ ಒಳಗೆ ಹೋಗಿ ಬ್ಯಾಗಿನ ಜಿಪ್ ಎಳೆದು ನೋಡುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರಾದ ಈ ಜಾತಿಯವರು ಸುತ್ತಮುತ್ತ ಎಲ್ಲ ಊರಲ್ಲೂ ಸಿಗುತ್ತಾರೆ. ದುರ್ಗದವರು ನೀರು ಬಂದರೆ ಕೋಟೆ ಹತ್ತಬೇಕಲ್ಲ ಅಂತ ಬ್ಯಾಗನ್ನು ಹಗುರವಾಗಿಟ್ಟಿರುತ್ತಾರೆ. ಹೊಳಲ್ಕೆರೆಯವರದ್ದರಲ್ಲಿ ಎಲೆಅಡಿಕೆಗೇ ಒಂದು ಜೇಬು. "ಎದ್ದರೆ ಹೊರಡೋ ಹಂಗಿರಬೇಕು" ಅನ್ನುವುದು ಎಲ್ಲರ ಮಾತು. ಎಲ್ಲಿಗೆ ಅಂತ ಕೇಳಿದರೆ ಸಿಟ್ಟು ಬರುತ್ತದೆ.

ನಕ್ಕು ಸುಮ್ಮನಾಗುವ ಹಾಗೂ ಇಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷ ನಾವು ಮೋಡ ಎಣಿಸಿದ್ದೇ ಬಂತು. ನೀರು 130 ಅಡಿ ಮುಟ್ಟಿದ ಮೇಲೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಕೋಡಿಯಲ್ಲಿ ತಾನಾಗಿ ಇಳಿದು ವೇದಾವತಿ ಸೇರುತ್ತದೆ. ಬೋರ್‌ವೆಲ್ ಎಷ್ಟು ಅಡಿಗೆ ನೀರು ಕೊಟ್ಟಿತು ಅಂತ ಕೇಳಿಕೊಂಡೇ ಬೆಳೆದ ಸೀಮೆಗೆ ನೆರೆ ಬಂದರೆ ಏನು ಹೊತ್ತುಕೊಂಡು ಓಡಬೇಕೆಂದು ಹೇಗೆ ಗೊತ್ತಿರಬೇಕು? ಹೊಸದುರ್ಗದ ಕಡೆ ಹಿನ್ನೀರು ತೋಟಕ್ಕೂ ಮನೆಗೂ ನುಗ್ಗಿತು. ಅಲ್ಲಿದ್ದ ಮೇಷ್ಟ್ರ ಬೀಗರು ಮೊದಲು ದನ ಬಿಚ್ಚಿದರು, ಆಮೇಲೆ ಮೋಟರ್ ಎತ್ತಿದರು. ಪಹಣಿ, ಪಾಸ್‌ಬುಕ್ ನೆನಪಾಗುವ ಹೊತ್ತಿಗೆ ಟ್ರಂಕು ತೇಲುತ್ತಿತ್ತು. ಮೇಷ್ಟ್ರ ಬ್ಯಾಗ್ ಹುಟ್ಟಿದ್ದು ಆ ಸುದ್ದಿ ಬಂದ ರಾತ್ರಿ.

ಬ್ಯಾಗು ಮಗನ ಕಾಲೇಜಿನದು, ಒಳಗಿನ ಶಿಸ್ತು ಲ್ಯಾಬಿನದು. ಆಧಾರ್, ರೇಷನ್ ಕಾರ್ಡ್, ಪೆನ್ಷನ್ ಆರ್ಡರ್, ಎಲ್ಲದರ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ಆ ಕವರು ಇನ್ನೊಂದು ಕವರಿನಲ್ಲಿ. ಬಿ.ಪಿ. ಮಾತ್ರೆ, ಓಆರ್‌ಎಸ್ ಪೊಟ್ಟಣ, ಪಿ.ಟಿ. ಮೇಷ್ಟ್ರಿಂದ ತಂದು ವಾಪಸ್ ಕೊಡದ ವಿಸಲ್. ಕರೆಂಟ್ ಹೋದ ದಿನ ಫೋನ್‌ಪೇ ನಡೆಯಲ್ಲ ಅಂತ ಐವತ್ತು, ನೂರರ ನೋಟು. ಒಳಗೇ ಬಿಟ್ಟರೆ ಸೋರುತ್ತದೆ ಅಂತ ಟಾರ್ಚ್ ಒಂದು ಜೇಬಿನಲ್ಲಿ, ಸೆಲ್ ಇನ್ನೊಂದರಲ್ಲಿ. ಹಾಗಾಗಿ ಕರೆಂಟ್ ಹೋದ ರಾತ್ರಿ ಸೆಲ್ ಸಿಗುವಷ್ಟರಲ್ಲಿ ಕರೆಂಟ್ ಬಂದಿರುತ್ತದೆ. ಉಳಿದ ಅರ್ಧ ಬ್ಯಾಗು ಮಂಡಕ್ಕಿ. ಕೆಡಲ್ಲ, ಭಾರ ಇಲ್ಲ ಅನ್ನುವುದು ಮೇಷ್ಟ್ರ ಲೆಕ್ಕ. ಮೆತ್ತಗಾಗುತ್ತದೆ ಅನ್ನುವುದು ಮನೆಯವರ ಲೆಕ್ಕ. ಹೀಗಾಗಿ ಭಾನುವಾರ ಸಂಜೆ ಮೆಣಸಿನಕಾಯಿ ಬಜ್ಜಿ ಬಾಣಲೆಗೆ ಬಿದ್ದ ಕೂಡಲೇ ಬ್ಯಾಗಿನ ಜಿಪ್ ಸದ್ದಾಗುತ್ತದೆ.

"ರೀ, ಬೇರೆ ಮಂಡಕ್ಕಿ ತಂದು ತುಂಬಿ. ಇದನ್ನ ಖಾಲಿ ಮಾಡಿದೀನಿ."

"ಲೇ, ಅದು ತುರ್ತಿಗೆ ಇಟ್ಟಿದ್ದು ಕಣೇ."

"ಬಜ್ಜಿ ಆರಿ ಹೋಗ್ತಿದೆ. ಇದಕ್ಕಿಂತ ತುರ್ತು ಯಾವುದು?"

ಬೀದಿಗೂ ಬ್ಯಾಗಿನ ರುಚಿ ಹತ್ತಿದೆ. ಸೇಫ್ಟಿ ಪಿನ್, ಜ್ವರದ ಮಾತ್ರೆ, ಕಡೆಗೆ ಮದುವೆಗೆ ಹೊರಟವರಿಗೆ ಬಾಚಣಿಗೆ, ಎಲ್ಲಕ್ಕೂ "ಮೇಷ್ಟ್ರೇ, ಬ್ಯಾಗಲ್ಲಿ ನೋಡ್ರೀ." ಮೇಷ್ಟ್ರು ಇಲ್ಲ ಅನ್ನುವವರಲ್ಲ. ಗೆರೆ ಎಳೆದ ರಿಜಿಸ್ಟರ್ ತೆಗೆದು ಸಹಿ ಹಾಕಿಸಿಕೊಂಡೇ ಕೊಡುತ್ತಾರೆ.

2025ರ ಜನವರಿಯಲ್ಲಿ ಮಾರಿಕಣಿವೆ ಮೂರನೇ ಸಲ ಕೋಡಿ ಬಿತ್ತು. ಮೇಷ್ಟ್ರು ಶೂ ಲೇಸ್ ಕಟ್ಟಿ ಬ್ಯಾಗ್ ಬೆನ್ನಿಗೇರಿಸಿ ಸಜ್ಜಾದರು. ಹೊರಗೆ ಬಂದರೆ ಇಡೀ ಬೀದಿಯೇ ಟೆಂಪೋ ಹತ್ತುತ್ತಿತ್ತು, ನೀರು ನೋಡೋಕೆ. ಮನೆಯವರು ಆಗಲೇ ಮುಂದಿನ ಸೀಟಿನಲ್ಲಿದ್ದರು. ಕೋಡಿ ಹತ್ತಿರ ಮೊಮ್ಮಗ ವಿಸಲ್ ಊದಿಕೊಂಡು ಓಡಾಡಿದ, ಟವೆಲ್ ಒದ್ದೆಯಾಯಿತು, ಮಂಡಕ್ಕಿ ಯಾರ್ಯಾರ ಕೈಗೋ ಹೋಯಿತು. ಹೊಸದುರ್ಗದ ಬೀಗರೂ ಬಂದಿದ್ದರು. ಖಾಲಿ ಬ್ಯಾಗನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗಿದೆ ಬೀಗರೇ. ಐದು ಎಚ್‌ಪಿ ಮೋಟರ್ ಹಿಡಿಸುತ್ತಾ?" ಅಂದರು.

ಸುತ್ತ ಇದ್ದವರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. ಅದು ಎಷ್ಟು ಕೆ.ಜಿ. ಬರುತ್ತದೆ ಅಂತ ಕೇಳಿಕೊಂಡು, ರಿಜಿಸ್ಟರಿನ ಕೊನೇ ಪುಟದಲ್ಲಿ ಬರೆದುಕೊಂಡರು.